ಮಳೆಗಾಲ, ಏಳು ಜನರ ಬಟ್ಟೆ: ಯಾವ ಮಷಿನ್ ತಗೊಳ್ಳೋದು?

ಕಾಳಿದಂಡೆ (ಕಾರವಾರ) · ಜೂನ್ 17

ಎಲ್ಲರಿಗೂ ನಮಸ್ಕಾರ. ನಮ್ಮ ಹನ್ನೊಂದು ವರ್ಷದ ಸೆಮಿ ಆಟೋಮ್ಯಾಟಿಕ್ ಮೊನ್ನೆ ಹಿಂಡುವ ಡಬ್ಬಿಯ ಕಡೆಯಿಂದ ಪ್ರಾಣ ಬಿಟ್ಟಿತು. ಒಗೆಯುವ ಕಡೆ ಇನ್ನೂ ತಿರುಗುತ್ತದೆ, ಹಿಂಡೋದು ಮಾತ್ರ ಕೈಯಲ್ಲೇ. ಜೂನ್ ತಿಂಗಳಲ್ಲಿ, ಕಾರವಾರದಲ್ಲಿ! ಮುಂದಿನದ್ದು ನಿಮಗೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಏಳು ಜನ. ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಮೂರು ಪಾಳಿ. ಮನೆಯವರು ಕೈಗಾದಲ್ಲಿ, ಅವರಿಗೂ ಪಾಳಿ. ಮಗಳು ಎಂಟನೆಯ ತರಗತಿ, ಮಗ ಮೂರನೆಯದು. ಅತ್ತೆ, ಮಾವ. ಮೈದುನ ಬೈತಖೋಲದಲ್ಲಿ ಮೀನು ವ್ಯಾಪಾರದ ಲೆಕ್ಕ ನೋಡ್ತಾನೆ. ಈಗ ಜುಲೈ 31ರ ತನಕ ಯಾಂತ್ರಿಕ ಬೋಟು ಬಂದ್ ಇರೋದ್ರಿಂದ ಅವನ ಅಂಗಿಗಳ ವಾಸನೆ ಒಂದು ತಪ್ಪಿದೆ, ಅಷ್ಟೇ ಸಮಾಧಾನ.

ಮೂರು ಅಂಗಡಿ ಸುತ್ತಿದೆ. ಒಬ್ಬರು ಫ್ರಂಟ್ ಲೋಡ್ ಬಿಟ್ಟು ಬೇರೆ ನೋಡಲೇಬೇಡಿ ಅಂದರು. ಎರಡನೆಯವರು ನಿಮ್ಮ ಟ್ಯಾಂಕಿ ತಗ್ಗಿನಲ್ಲಿದೆ, ಟಾಪ್ ಲೋಡೇ ಸರಿ ಅಂದರು. ಮೂರನೆಯವರು ಒಗೆಯೋದು, ಒಣಗಿಸೋದು ಎರಡೂ ಒಂದರಲ್ಲೇ ಇರೋದು ತೋರಿಸಿ "ಮೇಡಂ, ಬಟ್ಟೆ ಹಾಕಿ ಡ್ಯೂಟಿಗೆ ಹೋಗಿ, ಬಂದು ಮಡಚಿಡಿ" ಅಂದರು. ಆ ಮಾತಿಗೆ ನಾನು ಅರ್ಧ ಮರುಳಾಗಿ ಬಂದಿದ್ದೇನೆ. ಬಜೆಟ್ ಅರವತ್ತು ಸಾವಿರ, ಎಳೆದಾಡಿದರೆ ಇನ್ನೊಂದೈದು. ಒಂದಂತಸ್ತಿನ ಮನೆ, ಹಿಂದಿನ ಜಗಲಿಗೆ ಶೀಟು ಹಾಕಿದೆ, ಮಷಿನ್ ಅಲ್ಲೇ ಇಡಬೇಕು. ಹೇಳಿ.

ತೋಟದಮನೆ (ಶಿರಸಿ) · ಜೂನ್ 17

ತಂಗೀ, ಮೊದಲು ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಒಗೆಯೋದು ಯಾವತ್ತೂ ಸಮಸ್ಯೆ ಆಗಿದ್ದಿಲ್ಲ. ನೀರಿದೆ, ಕಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗಿಸೋದೇ ಸಮಸ್ಯೆ. ಅಂಗಡಿಯವರು ಜನವರಿಯ ಬಿಸಿಲು ನೆನಪಿಟ್ಟು ಮಷಿನ್ ಮಾರ್ತಾರೆ. ನೀವು ಆರಿದ್ರಾ ಮಳೆ ನೆನಪಿಟ್ಟು ತಗೊಳ್ಳಿ.

ನಮ್ಮದು ಒಂಬತ್ತು ಜನರ ಮನೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಅಡ್ಡಡ್ಡ ಬಿದಿರು ಗಳ, ಅದರ ಮೇಲೆ ಬಟ್ಟೆ. ತಲತಲಾಂತರದಿಂದ ಹಾಗೇ. ನಾಲ್ಕು ವರ್ಷದ ಹಿಂದೆ ಒಂದು ವಾರ ಮಳೆ ಬಿಟ್ಟು ಹೊಳವೇ ಆಗಲಿಲ್ಲ, ನನ್ನ ತಲೆಗೆ ಒಂದು ಬುದ್ಧಿ ಬಂತು: ಅಡಿಕೆ ಒಣಗಿಸುವ ಡ್ರೈಯರ್ ಖಾಲಿ ಬಿದ್ದಿದೆಯಲ್ಲ, ಅದರೊಳಗೇ ಹಾಕಿದರೆ? ಹಾಕಿದೆ. ನಾಲ್ಕೇ ತಾಸಿಗೆ ಗರಿಗರಿ. ಮರುದಿನ ತಮ್ಮನ ಮಗ ಆ ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೋದ. ಟೀಚರು ಫೋನ್ ಮಾಡಿ "ಮನೆಯಲ್ಲಿ ಬೆಂಕಿ ಏನಾದರೂ ಬಿದ್ದಿತ್ತಾ?" ಕೇಳಿದರು. ಅಷ್ಟು ಹೊಗೆ ವಾಸನೆ. ಬಿಳಿ ಅಂಗಿಗೆ ಅಡಿಕೆ ಚೊಗರಿನ ಬಣ್ಣದ ಗೆರೆ ಬೇರೆ.

ಆ ವರ್ಷವೇ ಕರೆಂಟಿನ ಡ್ರೈಯರ್ ತಂದೆವು. ವಿವರ ನಾಳೆ ಬರೆಯುತ್ತೇನೆ, ಈಗ ಕರೆಂಟಿಲ್ಲ, ಮೊಬೈಲು ಎಂಟು ಪರ್ಸೆಂಟ್.

ಕರಿಇಶಾಡ (ಅಂಕೋಲಾ) · ಜೂನ್ 17

ಈಗ ತಗೊಳ್ಳೋದು ಒಳ್ಳೆಯದೇ. ಜಿಎಸ್‌ಟಿ ಇಳಿದ ಮೇಲೆ ವಾಷಿಂಗ್ ಮಷಿನ್ ಎಲ್ಲ ಅಗ್ಗ ಆಗಿದೆಯಲ್ಲ.

ಲೆಕ್ಕದ ಮಾಸ್ತರು (ಹೊನ್ನಾವರ) · ಜೂನ್ 17

ಇಲ್ಲ ಸ್ವಾಮಿ. 2025ರ ಸೆಪ್ಟೆಂಬರ್ 22ರಿಂದ 28ರಿಂದ 18ಕ್ಕೆ ಇಳಿದದ್ದು ಎಸಿ, ದೊಡ್ಡ ಟಿವಿ, ಪಾತ್ರೆ ತೊಳೆಯುವ ಮಷಿನ್. ಬಟ್ಟೆ ಒಗೆಯುವುದು 2018ರ ಜುಲೈಯಲ್ಲೇ 18ಕ್ಕೆ ಬಂದಾಗಿತ್ತು. ಅಂಗಡಿಯವರು "ಜಿಎಸ್‌ಟಿ ಆಫರ್" ಅಂತ ಬೋರ್ಡು ಹಾಕಿದರೆ ಅದು ಅವರದ್ದೇ ರಿಯಾಯಿತಿ, ಚೌಕಾಸಿ ಮಾಡಿ.

ಸ್ಪ್ಯಾನರ್ (ಕುಮಟಾ) · ಜೂನ್ 18

ಹತ್ತೊಂಬತ್ತು ವರ್ಷದಿಂದ ಇದೇ ರಿಪೇರಿ ಕೆಲಸ. ಕಂಪನಿ ಹೆಸರು ಹೇಳುವುದಿಲ್ಲ, ಎಲ್ಲ ಕಂಪನಿಯದ್ದೂ ನನ್ನ ಹತ್ತಿರ ಬರುತ್ತದೆ.

ಅಕ್ಕಾ, ಟ್ಯಾಂಕಿ ವಿಷಯದಲ್ಲಿ ಆ ಎರಡನೆಯ ಅಂಗಡಿಯವ ಸತ್ಯ ಹೇಳಿದ್ದಾನೆ, ಪೂರ್ತಿ ಹೇಳಿಲ್ಲ. ಟ್ಯಾಂಕಿಯ ತಳದಿಂದ ಮಷಿನ್ನಿನ ನಲ್ಲಿಯ ತನಕ ಟೇಪು ಹಿಡಿದು ಅಳೆಯಿರಿ. ಹತ್ತು ಮೀಟರಿಗೆ ಒಂದು ಬಾರ್ ಒತ್ತಡ, ಅಂದರೆ 0.1 ಎಂಪಿಎ (ಮೆಗಾಪಾಸ್ಕಲ್). ಮಷಿನ್ ಪುಸ್ತಕದಲ್ಲಿ ನೀರಿನ ಒತ್ತಡ ಎಂಪಿಎ ಲೆಕ್ಕದಲ್ಲಿ ಬರೆದಿರುತ್ತಾರೆ. 0.03 ಅಂತ ಇದ್ದರೆ 3 ಮೀಟರ್ ಎತ್ತರ ಬೇಕು, 0.05 ಇದ್ದರೆ 5 ಮೀಟರ್. ಎಷ್ಟೋ ಫ್ರಂಟ್ ಲೋಡುಗಳು 3 ಮೀಟರ್ ಆದರೂ ಕೇಳುತ್ತವೆ. ಟಾಪ್ ಲೋಡಿನಲ್ಲಿ ಒಂದೆರಡು ಮೀಟರಿಗೇ ನಡೆಯುವ ಮಾದರಿಗಳಿವೆ. ಎತ್ತರ ಕಡಿಮೆಯಾದರೆ ಮಷಿನ್ ಹಾಳಾಗುವುದಿಲ್ಲ, ನೀರು ತುಂಬಲು ಹೊತ್ತಾಗಿ ಎರರ್ ತೋರಿಸಿ ನಿಲ್ಲುತ್ತದೆ. ಜನ ನನ್ನನ್ನು ಕರೆಯುತ್ತಾರೆ, ನಾನು ಬಂದು ಪೈಪಿನ ಬಾಯಲ್ಲಿರುವ ಜಾಲರಿ ತೊಳೆದು ಇನ್ನೂರು ರೂಪಾಯಿ ತಗೊಂಡು ಹೋಗುತ್ತೇನೆ. ಬೇಸಿಗೆಯಲ್ಲಿ ಬಾವಿ ತಳಕ್ಕೆ ಬಂದಾಗ ಆ ಜಾಲರಿಯಲ್ಲಿ ಬರೀ ಕೆಂಪು ರಾಡಿ. ನೀವೇ ತೊಳೆದುಕೊಳ್ಳಬಹುದು.

ಇನ್ನು ಜಗಲಿ. ಸಮುದ್ರ ಎಷ್ಟು ದೂರ? ಒಂದು ಕಿಲೋಮೀಟರ್ ಒಳಗಿದ್ದರೆ ಉಪ್ಪುಗಾಳಿ ತಗಡನ್ನು ತಿನ್ನುತ್ತದೆ. ಮಳೆಯ ಇರಚಲು ಬೀಳುವ ಕಡೆ ಇಟ್ಟ ಮಷಿನ್ನಿನ ಬುಡ ನಾಲ್ಕೈದು ವರ್ಷದಲ್ಲಿ ಹಪ್ಪಳ ಆದದ್ದನ್ನು ನಾನೇ ಬಿಚ್ಚಿದ್ದೇನೆ. ಡ್ರಮ್ಮು ಸ್ಟೀಲು, ಅದಕ್ಕೇನೂ ಆಗಿರುವುದಿಲ್ಲ, ಅದನ್ನು ಹೊತ್ತ ಪೆಟ್ಟಿಗೆ ಹೋಗಿರುತ್ತದೆ. ಆದಷ್ಟು ಒಳಗೆ ತನ್ನಿ. ಆಗದಿದ್ದರೆ ಇರಚಲು ತಡೆಯಲು ಒಂದು ಮರೆ ಕಟ್ಟಿಸಿ. ಮಷಿನ್ ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿ ಬಿಗಿಯಾಗಿ ಕಟ್ಟಬೇಡಿ, ಒಳಗೆ ಬೆವರು ಕಟ್ಟಿ ಇನ್ನೂ ಬೇಗ ತುಕ್ಕು.

ಬುಡದಲ್ಲಿ ಇಲಿ ಜಾಲರಿ ಹಾಕಿಸಿ. ಮಳೆಗಾಲದಲ್ಲಿ ಹೆಗ್ಗಣಕ್ಕೂ ಬೆಚ್ಚಗಿನ ಜಾಗ ಬೇಕು. ನನಗೆ ಬರುವ ಮಳೆಗಾಲದ ಕರೆಗಳಲ್ಲಿ ವೈರು ಕಡಿದದ್ದು, ಬೋರ್ಡಿನ ಮೇಲೆ ಹಲ್ಲಿ ಸತ್ತದ್ದು, ಇರುವೆ ಗೂಡು ಕಟ್ಟಿದ್ದು, ಇವೇ ಜಾಸ್ತಿ. ಗುಡುಗು ಕೇಳಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು.

ಯಲ್ಲಾಪುರದ ಸೊಸೆ · ಜೂನ್ 18

ನಾನು ಸೆಮಿ ಆಟೋಮ್ಯಾಟಿಕ್ ಪಕ್ಷ, ಬೈದರೂ ಸರಿ. ಕರೆಂಟು ಹೋದರೆ ಇನ್ವರ್ಟರ್ ಮೇಲೂ ತಿರುಗುತ್ತದೆ. ಬಕೆಟ್ಟಿನಲ್ಲಿ ನೀರು ಹೊಯ್ದರೂ ನಡೆಯುತ್ತದೆ. ಹಿಂಡುವ ಡಬ್ಬಿಯ ವೇಗ ನಿಮಿಷಕ್ಕೆ 1300 ಸುತ್ತಿನ ಮೇಲೆ, ಎಷ್ಟೋ ಟಾಪ್ ಲೋಡುಗಳು 700–800ರಲ್ಲೇ ನಿಲ್ಲುತ್ತವೆ. ತೋಟದ ಬಟ್ಟೆಯ ಕೆಸರು ನೀರನ್ನು ಎರಡು ಸಲ ಚೆಲ್ಲಿ ಮತ್ತೆ ತುಂಬಬೇಕು ಅಂದರೆ ಅದು ನನ್ನ ಕೈಯಲ್ಲೇ ಇರುತ್ತದೆ, ಮಷಿನ್ನಿನ ಅಪ್ಪಣೆ ಕೇಳಬೇಕಾಗಿಲ್ಲ.

ನಮ್ಮ ಅತ್ತೆಗೆ ಮಾತ್ರ ಯಾವ ಮಷಿನ್ನೂ ಒಂದೇ. "ಮಡಿ ಬಟ್ಟೆ ಮಷಿನ್ನಿಗೆ ಹಾಕಲಾಗ" ಅಂತ ಮೊದಲ ದಿನವೇ ತೀರ್ಪು ಕೊಟ್ಟಿದ್ದಾರೆ. ಅವರ ಎರಡು ಸೀರೆ ಅವರೇ ಹಿಂಡಿ ಅಟ್ಟದ ಹಗ್ಗಕ್ಕೆ ಹಾಕ್ತಾರೆ, ಕೆಳಗೆ ಯಾರೂ ಹಾಯುವಂತಿಲ್ಲ.

ಕಾಳಿದಂಡೆ (ಕಾರವಾರ) · ಜೂನ್ 18

@ಯಲ್ಲಾಪುರದ ಸೊಸೆ, ಸೆಮಿ ಮೇಲೆ ನನಗೂ ಪ್ರೀತಿ ಇದೆ. ಆದರೆ ರಾತ್ರಿ ಪಾಳಿ ಮುಗಿಸಿ ಬಂದು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಒದ್ದೆ ಬೆಡ್‌ಶೀಟು ಎತ್ತಿ ಹಾಕುವ ತಾಕತ್ತು ಇನ್ನಿಲ್ಲ. ಹನ್ನೊಂದು ವರ್ಷ ಎತ್ತಿದ್ದೇನೆ.

@ಸ್ಪ್ಯಾನರ್, ಅಳೆದೆವು. ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರ್. ಸಮುದ್ರ ಮುಕ್ಕಾಲು ಕಿಲೋಮೀಟರ್ ಇರಬಹುದು. ಎರಡರಲ್ಲೂ ಫೇಲ್ ಅಲ್ಲವಾ ಅಣ್ಣ?

ಕುಮಟಾ ಟೀಚರ್ · ಜೂನ್ 18

ಒಗೆದು ಒಣಗಿಸುವ ಎರಡೂ ಒಂದರಲ್ಲಿರುವ ಮಷಿನ್ ನಮ್ಮ ಮನೆಯಲ್ಲಿದೆ. ತಗೊಳ್ಳುವ ಮೊದಲು ಇದೊಂದು ಓದಿ.

ನಮ್ಮದರ ಮೇಲೆ 8/5 ಅಂತ ಬರೆದಿದೆ. ನಾನು ಅದನ್ನು ಮಾದರಿ ನಂಬರ್ ಅಂದುಕೊಂಡಿದ್ದೆ, ಗಣಿತದ ಟೀಚರಾಗಿ ಹೇಳಲು ನಾಚಿಕೆ. ಎಂಟು ಕೆಜಿ ಒಗೆಯುತ್ತದೆ, ಐದೇ ಕೆಜಿ ಒಣಗಿಸುತ್ತದೆ ಅಂತ ಅದರ ಅರ್ಥ. ಒಣಗುವ ಬಟ್ಟೆಗೆ ಡ್ರಮ್ಮಿನಲ್ಲಿ ಗಾಳಿಯಾಡಲು ಜಾಗ ಬೇಕು, ಅದಕ್ಕೆ. ಅಂದರೆ ಎಂಟು ಕೆಜಿ ಒಗೆದ ಮೇಲೆ ಬಾಗಿಲು ತೆರೆದು ಮೂರು ಕೆಜಿ ಹೊರಗೆ ತೆಗೆಯಬೇಕು. "ಹಾಕಿ ಡ್ಯೂಟಿಗೆ ಹೋಗಿ" ಅನ್ನೋದು ಐದು ಕೆಜಿಯ ಮಾತು. ಐದು ಕೆಜಿ ಅಂದರೆ ಎಷ್ಟು? ನಾನು ತೂಗಿ ನೋಡಿದ್ದೇನೆ: ಒಂದು ಡಬಲ್ ಬೆಡ್‌ಶೀಟು 900 ಗ್ರಾಂ, ಸ್ನಾನದ ಟವೆಲ್ಲು ಅರ್ಧ ಕೆಜಿ, ಜೀನ್ಸ್ 700 ಗ್ರಾಂ, ಮಕ್ಕಳ ಯೂನಿಫಾರಂ ಜೊತೆ 450. ನಿಮ್ಮ ಏಳು ಜನಕ್ಕೆ ಬರೀ ಟವೆಲ್ಲೇ ಮೂರೂವರೆ ಕೆಜಿ!

ಇನ್ನೊಂದು, ಒಗೆದು ಒಣಗಿಸಿ ಮುಗಿಯಲು ಐದು ತಾಸು. ಅಷ್ಟು ಹೊತ್ತು ಎರಡನೆಯ ಲೋಡ್ ಹಾಕುವಂತಿಲ್ಲ. ನಮ್ಮ ಮಾದರಿ ಒಣಗಿಸುವಾಗಲೂ ನೀರು ಕುಡಿಯುತ್ತದೆ. ಬಿಸಿ ಹಬೆಯನ್ನು ತಣ್ಣೀರಿನಿಂದ ತಣಿಸಿ ಚರಂಡಿಗೆ ಬಿಡುವ ವ್ಯವಸ್ಥೆ ಅದು. ನಡುವೆ ಕರೆಂಟು ಹೋದರೆ ಬಾಗಿಲು ಬೀಗ, ಒಳಗೆ ಬಿಸಿ ಬಿಸಿ ಒದ್ದೆ ಬಟ್ಟೆ. ಒಮ್ಮೆ ಹಾಗೇ ಆರು ತಾಸು ಬೆಂದು ನನ್ನ ಮೂರು ಕಾಟನ್ ಸೀರೆ ಗಂಜಿ ಹಾಕಿ ಹಿಂಡಿಟ್ಟ ಹಾಗೆ ಮುದುಡಿದವು.

ಇಬ್ಬರೇ ಇರುವ ಫ್ಲ್ಯಾಟಿಗೆ ಅದು ಒಳ್ಳೆಯದೇ ಇರಬಹುದು. ಏಳು ಜನಕ್ಕೆ ಬೇಡ.

ಸದಾಶಿವಗಡ · ಜೂನ್ 18

ಇನ್ನೊಂದು ಮಾತಿನ ಮೋಸವೂ ಇದೆ. "ಡ್ರೈಯರ್ ಇದೆ" ಅಂದರೆ ಎಂತ ಅಂತ ಬಿಡಿಸಿ ಕೇಳಿ. ಸೆಮಿಯಲ್ಲಿ ಹಿಂಡುವ ಡಬ್ಬಿಗೇ ಡ್ರೈಯರ್ ಅಂತಾರೆ. ಟಾಪ್ ಲೋಡಿನಲ್ಲಿ "ಏರ್ ಡ್ರೈ" ಬಟನ್ ಅಂದರೆ ಸುಮ್ಮನೆ ಇನ್ನಷ್ಟು ಹೊತ್ತು ತಿರುಗಿಸೋದು, ಬಿಸಿ ಇಲ್ಲ. ಹೊರಗಿನ ಗಾಳಿಯೇ ಒದ್ದೆ ಇರುವಾಗ ಅದು ಏನನ್ನು ಒಣಗಿಸುತ್ತದೆ?

ನಮ್ಮದು ಮಡಗಾಂವದಲ್ಲಿ ತಗೊಂಡಿದ್ದು, ಕಾರವಾರಕ್ಕಿಂತ ಎರಡು ಸಾವಿರ ಕಡಿಮೆ ಬಿತ್ತು. ಆದರೆ 2024ರ ಆಗಸ್ಟ್ 7ರಂದು ಕಾಳಿ ಹಳೇ ಸೇತುವೆ ಬಿತ್ತಲ್ಲ, ಅದೇ ವಾರ ರಿಪೇರಿಗೆ ಜನ ಬರಬೇಕಿತ್ತು. ಗೋವಾದ ಸರ್ವಿಸ್‌ನವರು "ಕರ್ನಾಟಕ ನಮಗೆ ಬರುವುದಿಲ್ಲ" ಅಂದರು, ಹುಬ್ಬಳ್ಳಿಯವರು "ಬಿಲ್ಲು ಗೋವಾದ್ದು" ಅಂದರು. ಹದಿನೆಂಟು ದಿನ ಕೈಯಲ್ಲಿ ಒಗೆದೆವು. ಎರಡು ಸಾವಿರ ಉಳಿಸಿದ್ದು ಅಲ್ಲೇ ತೀರಿತು. ಸರ್ವಿಸ್ ಎಲ್ಲಿಂದ ಬರ್ತಾರೆ ಅಂತ ಕೇಳಿಯೇ ದುಡ್ಡು ಕೊಡಿ.

ತೋಟದಮನೆ (ಶಿರಸಿ) · ಜೂನ್ 19

ಕರೆಂಟು ಬಂತು. ಹೇಳಬೇಕಿದ್ದದ್ದು ಹೇಳುತ್ತೇನೆ.

ಬೇರೆಯಾಗಿ ಇಡುವ ಡ್ರೈಯರಿನಲ್ಲಿ ಮೂರು ಜಾತಿ. ಒಂದು, ಒದ್ದೆ ಗಾಳಿಯನ್ನು ಪೈಪಿನಿಂದ ಗೋಡೆಯಾಚೆ ಬಿಡುವುದು. ಅಗ್ಗ, ಸರಳ, ಆದರೆ ಗೋಡೆಗೆ ತೂತು ಕೊರೆಯಬೇಕು. ಕೊರೆಯದೆ ಮನೆಯೊಳಗೇ ಬಿಟ್ಟರೆ ಗೋಡೆಯೆಲ್ಲ ಬೆವರಿ ಬೂಷ್ಟು. ಎರಡು, ಹಬೆಯನ್ನು ತಣಿಸಿ ನೀರು ಮಾಡಿ ಡಬ್ಬಿಯಲ್ಲಿ ಹಿಡಿಯುವ ಕಂಡೆನ್ಸರ್. ಮೂರು, ಹೀಟ್ ಪಂಪ್. ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇದೆ ಅದರಲ್ಲಿ. ಒಂದು ಕಡೆ ಗಾಳಿಯನ್ನು ತಣಿಸಿ ನೀರು ಇಳಿಸುತ್ತದೆ, ಆ ಶಾಖವನ್ನು ಎಸೆಯದೆ ಮತ್ತೆ ಅದೇ ಗಾಳಿಗೆ ಕೊಡುತ್ತದೆ. ಹಾಗಾಗಿ ಕರೆಂಟು ಅರ್ಧಕ್ಕಿಂತ ಕಡಿಮೆ. ಹೊತ್ತು ಜಾಸ್ತಿ ತಗೊಳ್ಳುತ್ತದೆ, ಬೆಲೆ ಎದೆ ಒಡೆಯುವಷ್ಟು.

ನಮ್ಮದು ಮೊದಲನೆಯ ಜಾತಿ, ಏಳು ಕೆಜಿಯದ್ದು. ತುಂಬಿದ ಲೋಡಿಗೆ ಸುಮಾರು ನಾಲ್ಕು ಯುನಿಟ್ ತಿನ್ನುತ್ತದೆ. ಇದಕ್ಕೇ ಬೇರೆ ವೈರು, 16 ಆಂಪಿಯರ್ ಸಾಕೆಟ್, ಬೇರೆ ಎಂಸಿಬಿ ಎಳೆಸಿದೆವು. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟರೆ ಮುಚ್ಚಿಟ್ಟಿರುತ್ತೇವೆ. ತೋಟಕ್ಕೆ ಬೋರ್ಡೋ ಹೊಡೆದ ದಿನದ ಬಟ್ಟೆ ಇದಕ್ಕೆ ಹಾಕುವುದಿಲ್ಲ. ಮೈಲುತುತ್ತ, ಸುಣ್ಣದ ಬಟ್ಟೆ ಹೊರಗಿನ ಕಲ್ಲಿನ ಮೇಲೇ, ಬೇರೆ ನೀರಿನಲ್ಲೇ.

ಲೆಕ್ಕದ ಮಾಸ್ತರು (ಹೊನ್ನಾವರ) · ಜೂನ್ 19

ತೋಟದಮನೆಯವರು ನಾಲ್ಕು ಯುನಿಟ್ ಅಂದರು, ಯಾರೂ ಮುಂದಿನ ಲೆಕ್ಕ ಕೇಳಲಿಲ್ಲ. ನನ್ನ ಹೆಸರೇ ಅದು, ನಾನು ಮಾಡುತ್ತೇನೆ.

@ಕಾಳಿದಂಡೆ, ನೀವು ಗೃಹಜ್ಯೋತಿಯಲ್ಲಿದ್ದೀರಿ ಅಂತ ಇಟ್ಟುಕೊಳ್ಳೋಣ. 2022–23ರ ನಿಮ್ಮ ಸರಾಸರಿ 130 ಯುನಿಟ್ ಇದ್ದರೆ, ಅದರ ಮೇಲೆ ಶೇಕಡಾ 10 ಸೇರಿ 143 ಯುನಿಟ್ ನಿಮ್ಮ ಪಾಲಿಗೆ ಪುಕ್ಕಟೆ. 143 ದಾಟಿ 200ರ ಒಳಗೆ ಇದ್ದರೆ ದಾಟಿದ್ದಕ್ಕಷ್ಟೇ ದುಡ್ಡು. 200 ದಾಟಿದಿರೋ, ಆ ತಿಂಗಳು ಇಡೀ ಬಿಲ್ಲು ನಿಮ್ಮದು.

ಈಗ ಡ್ರೈಯರ್ ತನ್ನಿ. ತಿಂಗಳಿಗೆ 25 ಲೋಡ್. ಹಳೇ ಜಾತಿಯದ್ದು, ಲೋಡಿಗೆ 4 ಯುನಿಟ್: 100 ಯುನಿಟ್. ಮೊದಲಿನ 130 ಸೇರಿ 230. ಲಕ್ಷ್ಮಣರೇಖೆ ದಾಟಿಯಾಯಿತು! ಯುನಿಟ್ಟಿಗೆ ಎಲ್ಲ ಸೇರಿ ಆರೂವರೆ ರೂಪಾಯಿ ಹಿಡಿದರೂ ಸಾವಿರದ ಐನೂರರ ಹತ್ತಿರ. ಹೀಟ್ ಪಂಪ್ ಆದರೆ ಲೋಡಿಗೆ ಒಂದೂಮುಕ್ಕಾಲು ಯುನಿಟ್, ತಿಂಗಳಿಗೆ 44. ಒಟ್ಟು 174. ದಾಟಿದ್ದು 31 ಯುನಿಟ್, ಇನ್ನೂರು ರೂಪಾಯಿ. ಅದೇ ಬಟ್ಟೆ, ಅದೇ ಮಳೆ, ತಿಂಗಳಿಗೆ ಸಾವಿರದ ಮುನ್ನೂರು ವ್ಯತ್ಯಾಸ.

ಅಂಗಡಿಯಲ್ಲಿ ಸ್ಟಾರ್ ತೋರಿಸುತ್ತಾರೆ, ಈ 200ರ ಗೆರೆ ಯಾರೂ ತೋರಿಸುವುದಿಲ್ಲ. ನಿಮ್ಮ ಬಿಲ್ಲಿನಲ್ಲಿ ನಿಮ್ಮ ಸರಾಸರಿ ಎಷ್ಟಿದೆ ನೋಡಿ.

ಕಾಳಿದಂಡೆ (ಕಾರವಾರ) · ಜೂನ್ 19

ಮಾಸ್ತರೇ, ನೀವು ನಮ್ಮ ಬಿಲ್ಲು ಕದ್ದು ನೋಡಿದ್ದೀರಾ? 128 ಇದೆ ಸರಾಸರಿ! ಹೀಟ್ ಪಂಪಿನ ಬೆಲೆ ಕೇಳಿದೆ. ಅದೊಂದಕ್ಕೇ ನನ್ನ ಬಜೆಟ್ ಮುಗಿಯುತ್ತದೆ, ಒಗೆಯುವ ಮಷಿನ್ನಿಗೆ ಏನೂ ಉಳಿಯಲ್ಲ.

ಗುಡ್ಡದಮನೆ (ಸಿದ್ದಾಪುರ) · ಜೂನ್ 19

ಇಷ್ಟೆಲ್ಲ ಯಾಕೆ ಮಾರಾಯ್ರೆ? ನಮ್ಮ ಅಜ್ಜನ ಕಾಲದಲ್ಲಿ ಇದಕ್ಕಿಂತ ಜೋರು ಮಳೆ, ಇದಕ್ಕಿಂತ ದೊಡ್ಡ ಮನೆ. ಯಾವ ಡ್ರೈಯರ್ ಇತ್ತು? ಜಗಲಿಯಲ್ಲಿ ಹಗ್ಗ ಕಟ್ಟಿದರೆ ಮೂರು ದಿನಕ್ಕೆ ಒಣಗುತ್ತದೆ. ಹೊಳವಾದಾಗ ಅಂಗಳಕ್ಕೆ ಹಾಕಿ, ಮೋಡ ಬಂದಾಗ ಒಳಗೆ ತನ್ನಿ.

ಯಲ್ಲಾಪುರದ ಸೊಸೆ · ಜೂನ್ 19

ಭಾವಾ, ಆ "ಹಾಕಿ", "ತನ್ನಿ" ಯಾರಿಗೆ ಹೇಳಿದ್ದು? ಹೊಳವಾದಾಗ ಅಂಗಳಕ್ಕೆ ಓಡಿದ್ದು ಅಜ್ಜನೋ ಅಜ್ಜಿಯೋ?

ಕಾಳಿದಂಡೆ (ಕಾರವಾರ) · ಜೂನ್ 19

ಮೂರು ದಿನಕ್ಕೆ ಒಣಗುತ್ತದೆ, ನಿಜ. ಎರಡನೆಯ ದಿನವೇ ಮುಗ್ಗಲು ವಾಸನೆ ಹಿಡಿಯುತ್ತದಲ್ಲ. ಅದು ಕೊಳೆ ಉಳಿದ ವಾಸನೆ ಅಲ್ಲ, ಬಟ್ಟೆ ತಡವಾಗಿ ಒಣಗುವಾಗ ಬ್ಯಾಕ್ಟೀರಿಯಾ ಬೆಳೆದ ವಾಸನೆ. ಆ ಸಮವಸ್ತ್ರ ಹಾಕಿಕೊಂಡು ನಾನು ವಾರ್ಡಿಗೆ ಹೋಗುವಂತಿಲ್ಲ. ಇರೋದು ಮೂರು ಜೊತೆ.

ಗುಡ್ಡದಮನೆ (ಸಿದ್ದಾಪುರ) · ಜೂನ್ 19

ಆಯ್ತು ಆಯ್ತು. ಸೋತೆ. ಮನೆಯಲ್ಲೂ ಇದನ್ನೇ ಓದಿ ಹೇಳಿದರು, ಅಲ್ಲೂ ಬೈಸಿಕೊಂಡೆ.

ಸ್ಪ್ಯಾನರ್ (ಕುಮಟಾ) · ಜೂನ್ 20

ಅಕ್ಕಾ, ಡ್ರೈಯರ್ ಚಿಂತೆ ಆಚೆ ಇಡಿ. ಮೊದಲು ಹಿಂಡುವ ವೇಗ ನೋಡಿ. ಬಟ್ಟೆಯಿಂದ ನೀರನ್ನು ಸುತ್ತಿ ಬೀಸಿ ತೆಗೆಯೋದು ಅಗ್ಗ, ಕಾಯಿಸಿ ತೆಗೆಯೋದು ದುಬಾರಿ. ಒಂದು ಕೆಜಿ ಹತ್ತಿಬಟ್ಟೆಯಲ್ಲಿ 800 ಸುತ್ತಿನ ನಂತರ ಸುಮಾರು 700 ಗ್ರಾಂ ನೀರು ಉಳಿಯುತ್ತದೆ. 1400ಕ್ಕೆ ಹೋದರೆ ಅರ್ಧ ಕೆಜಿಗೆ ಇಳಿಯುತ್ತದೆ. ಆರು ಕೆಜಿ ಬಟ್ಟೆಗೆ ಒಂದು ಲೀಟರಿಗಿಂತ ಜಾಸ್ತಿ ನೀರು ಪುಕ್ಕಟೆ ಹೋಯಿತು.

ಅದಕ್ಕೆ ನಾನು ನಿಮಗೆ 1400 ಸುತ್ತಿನ ಫ್ರಂಟ್ ಲೋಡೇ ಹೇಳುತ್ತೇನೆ. ಒತ್ತಡಕ್ಕೆ ಟ್ಯಾಂಕಿಯನ್ನು ಕಬ್ಬಿಣದ ಆ್ಯಂಗಲ್ ಸ್ಟ್ಯಾಂಡಿನ ಮೇಲೆ ಮೂರು, ನಾಲ್ಕು ಅಡಿ ಎತ್ತರಿಸಿ. ನಿಮ್ಮ 2.2 ಮೀಟರ್ 3 ದಾಟುತ್ತದೆ. ಬಣ್ಣ ಹೊಡೆಸಿ, ಉಪ್ಪುಗಾಳಿ ನೆನಪಿರಲಿ. ಬಾಗಿ ಹಾಕಲು ಅತ್ತೆಯವರಿಗೆ ಮಂಡಿ ನೋವಿದ್ದರೆ ಮಾತ್ರ ಟಾಪ್ ಲೋಡ್ ಯೋಚನೆ ಮಾಡಿ, ಅದು ನಿಂತೇ ಹಾಕಬಹುದು.

ಫ್ರಂಟ್ ಲೋಡಿಗೆ ನೊರೆ ಕಡಿಮೆ ಬರುವ ಪುಡಿಯೇ ಬೇಕು. ಬಕೆಟ್ಟಿನ ಪುಡಿ ಹಾಕಿದರೆ ನೊರೆ ತುಂಬಿ ಹಿಂಡುವುದೇ ಇಲ್ಲ. ಒಗೆದಾದ ಮೇಲೆ ಬಾಗಿಲ ರಬ್ಬರಿನ ಮಡಿಕೆ ಒರೆಸಿ, ಬಾಗಿಲು ಅರೆ ತೆರೆದಿಡಿ. ಇಲ್ಲದಿದ್ದರೆ ಅಲ್ಲಿ ಕಪ್ಪು ಬೂಷ್ಟು.

ಸದಾಶಿವಗಡ · ಜೂನ್ 20

ಡ್ರೈಯರಿಗೆ ದುಡ್ಡಿಲ್ಲ ಅಂದರೆ ಡಿಹ್ಯೂಮಿಡಿಫೈಯರ್ ನೋಡಿ. ನಮ್ಮ ಭಾವನವರ ಮನೆಯಲ್ಲಿ ಪುಸ್ತಕದ ಕಪಾಟಿಗೆ ಬೂಷ್ಟು ಬರುತ್ತದೆ ಅಂತ ತಂದರು. ಈಗ ಪುಸ್ತಕ ಹೊರಗೆ, ಬಟ್ಟೆ ಒಳಗೆ. ಚಿಕ್ಕ ಕೋಣೆ, ಬಾಗಿಲು ಕಿಟಕಿ ಮುಚ್ಚಿ, ಹಗ್ಗ ಕಟ್ಟಿ, ಜೊತೆಗೊಂದು ಫ್ಯಾನು. ಗಾಳಿಯಲ್ಲಿರುವ ನೀರನ್ನು ಹಿಡಿದು ಡಬ್ಬಿಗೆ ಇಳಿಸುತ್ತದೆ. ಕಿಟಕಿ ತೆರೆದಿಟ್ಟರೆ ಮಾತ್ರ ಅರಬ್ಬೀ ಸಮುದ್ರವನ್ನೇ ಒಣಗಿಸಲು ಹೊರಟ ಹಾಗೆ.

ಕರಿಇಶಾಡ (ಅಂಕೋಲಾ) · ಜೂನ್ 20

ನಡುವೆ ಒಂದು ಬೇರೆ ಪ್ರಶ್ನೆ, ಬೇಜಾರಿಲ್ಲ ತಾನೇ? ಬಾವಿ ನೀರಿನಲ್ಲಿ ಒಗೆದ ಬಿಳಿ ಪಂಚೆ ಕೆಂಪಡರುತ್ತದೆ. ಬ್ಲೀಚ್ ಹಾಕಿದರೆ ಇನ್ನೂ ಕೆಂಪು. ಮಷಿನ್ ಹಾಳಾಗಿದೆಯಾ?

ತೋಟದಮನೆ (ಶಿರಸಿ) · ಜೂನ್ 20

ಮಷಿನ್ ಅಲ್ಲ, ಬಾವಿ. ಚಿರೆಕಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಬ್ಲೀಚ್ ಹಾಕಿದರೆ ಅದು ತುಕ್ಕಾಗಿ ಬಟ್ಟೆಗೇ ಅಂಟಿ ಕೂರುತ್ತದೆ. ಬ್ಲೀಚ್ ಬಿಡಿ, ಲಿಂಬೆಹುಳಿ ಹಿಂಡಿದ ನೀರಿನಲ್ಲಿ ನೆನೆಸಿ ನೋಡಿ.

ಕಲೆ ವಿಷಯ ಬಂತು ಅಂತ ಇನ್ನೊಂದು. ಉಂಬಳ ಕಚ್ಚಿದ ರಕ್ತದ ಕಲೆಗೆ ಮಷಿನ್ನಿನ ಬಿಸಿನೀರು ಬಟನ್ ಒತ್ತಬೇಡಿ. ಬಿಸಿಗೆ ರಕ್ತ ಬೆಂದು ಕಲೆ ಕಾಯಂ. ತಣ್ಣೀರಿನಲ್ಲಿ ಮೊದಲು ತೊಳೆದು ಆಮೇಲೆ ಹಾಕಿ. ಬಾಳೆ ಕರೆ, ಗೇರು ಸೊನೆ ತಾಗಿದ ಅಂಗಿಯನ್ನು ಮಾತ್ರ ತೋಟದ ಅಂಗಿ ಅಂತ ಬೇರೆ ಇಟ್ಟುಬಿಡಿ, ಅದಕ್ಕೆ ಯಾವ ಮಷಿನ್ನೂ ಇಲ್ಲ.

ಕಾಳಿದಂಡೆ (ಕಾರವಾರ) · ಆಗಸ್ಟ್ 3

ತಡವಾಯಿತು, ಕ್ಷಮಿಸಿ. ತಗೊಂಡು ಒಂದು ತಿಂಗಳ ಮೇಲಾಯಿತು, ಅನುಭವ ಆಗಲಿ ಅಂತ ಕಾದೆ.

9 ಕೆಜಿ, 1400 ಸುತ್ತಿನ ಫ್ರಂಟ್ ಲೋಡ್, 38 ಸಾವಿರ. ಕಾರವಾರದ ಅಂಗಡಿಯಲ್ಲೇ ತಗೊಂಡೆ, ಸರ್ವಿಸ್ ಮನುಷ್ಯ ಇದೇ ಊರಿನವ ಅಂತ ಖಾತ್ರಿ ಮಾಡಿಕೊಂಡು. ಟ್ಯಾಂಕಿ ಸ್ಟ್ಯಾಂಡಿಗೆ ನಾಲ್ಕೂವರೆ ಸಾವಿರ. ಡಿಹ್ಯೂಮಿಡಿಫೈಯರಿಗೆ 18 ಸಾವಿರ. ಡ್ರೈಯರ್ ತಗೊಳ್ಳಲಿಲ್ಲ. ಮಷಿನ್ನನ್ನು ಜಗಲಿಯಿಂದ ಬಚ್ಚಲ ಪಕ್ಕದ ಮೂಲೆಗೆ ತಂದೆವು. ಹಳೇ ಸಾಮಾನು ತುಂಬಿದ್ದ ಚಿಕ್ಕ ಕೋಣೆ ಖಾಲಿ ಮಾಡಿ ನಾಲ್ಕು ಹಗ್ಗ ಕಟ್ಟಿದೆವು. ಮಾವನವರ ಹಳೇ ಗಾಳದ ಕೋಲು, ಬಲೆ ಎಲ್ಲ ಅಟ್ಟಕ್ಕೆ ಹೋದವು, ಅದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಸ್ಪ್ಯಾನರ್ ಅಣ್ಣನ ಮಾತು ಪರೀಕ್ಷೆ ಮಾಡಿದೆ. ಮೈದುನನ ಮೀನು ತೂಗುವ ತಕ್ಕಡಿ ತೊಳೆಸಿ ತಂದು ಐದು ಟವೆಲ್ ತೂಗಿದೆವು. ಒಣಗಿದ್ದಾಗ 2 ಕೆಜಿ 400 ಗ್ರಾಂ. 800ರಲ್ಲಿ ಹಿಂಡಿದಾಗ 4 ಕೆಜಿ 100. ಅದನ್ನೇ ಮತ್ತೆ ಒದ್ದೆ ಮಾಡಿ 1400ರಲ್ಲಿ ಹಿಂಡಿದಾಗ 3 ಕೆಜಿ 600. ಅರ್ಧ ಲೀಟರ್ ನೀರು, ಐದೇ ಟವೆಲ್ಲಿಗೆ! ಮಗಳು ಅದನ್ನು ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ರಾತ್ರಿ ಹತ್ತಕ್ಕೆ ಬಟ್ಟೆ ಹಾಕಿ ಕೋಣೆಯ ಬಾಗಿಲು ಮುಚ್ಚಿದರೆ ಬೆಳಿಗ್ಗೆ ಆರಕ್ಕೆ ಅಂಗಿ, ಯೂನಿಫಾರಂ, ಬೆಡ್‌ಶೀಟು ಒಣಗಿರುತ್ತವೆ. ಜೀನ್ಸಿನ ಸೊಂಟದ ಪಟ್ಟಿ ಮತ್ತು ಕಿಸೆ ಮಾತ್ರ ಹಸಿ, ಇಸ್ತ್ರಿ ತಾಗಿಸಬೇಕು. ಡಬ್ಬಿಯಲ್ಲಿ ಮೂರೂವರೆ ಲೀಟರ್ ನೀರು. ಮಾವ ಈಗ ದಿನಾ ಬೆಳಿಗ್ಗೆ ಅದನ್ನು ಅಳೆದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ.

@ಲೆಕ್ಕದ ಮಾಸ್ತರು, ಜುಲೈ ಮೀಟರ್ 187. ಗೆರೆಗೆ ಹದಿಮೂರು ಯುನಿಟ್ ಬಾಕಿ. ಕೊನೆಯ ವಾರ ಮನೆಯವರು ದಿನಾ ಮೀಟರ್ ಮುಂದೆ ನಿಂತು ಬರುತ್ತಿದ್ದರು.

ಲೆಕ್ಕದ ಮಾಸ್ತರು (ಹೊನ್ನಾವರ) · ಆಗಸ್ಟ್ 3

ರಾತ್ರಿಗೆ ಎರಡೂ ಕಾಲು ಯುನಿಟ್ ಬೀಳುತ್ತಿದೆ ಹಾಗಾದರೆ. ಹೀಟ್ ಪಂಪಿಗಿಂತ ಸ್ವಲ್ಪ ಜಾಸ್ತಿ, ಹಳೇ ಡ್ರೈಯರಿಗಿಂತ ಎಷ್ಟೋ ಕಡಿಮೆ. ಫ್ಯಾನು ಎರಡರಲ್ಲೇ ಇಡಿ, ಐದರಲ್ಲಿ ಬೇಡ.

ಯಲ್ಲಾಪುರದ ಸೊಸೆ · ಆಗಸ್ಟ್ 3

ಅತ್ತೆಯವರು ಒಪ್ಪಿದರಾ?

ಕಾಳಿದಂಡೆ (ಕಾರವಾರ) · ಆಗಸ್ಟ್ 4

ತಮ್ಮ ಸೀರೆ ಈಗಲೂ ಕಲ್ಲಿನ ಮೇಲೇ ಒಗೆಯುತ್ತಾರೆ. ಒಣಗಿಸಲು ಮಾತ್ರ ಆ ಕೋಣೆಗೇ ತಂದು, ನನ್ನ ಬಟ್ಟೆ ಪಕ್ಕಕ್ಕೆ ಸರಿಸಿ, ಡಿಹ್ಯೂಮಿಡಿಫೈಯರಿನ ಎದುರಿನ ಹಗ್ಗವನ್ನೇ ಹಿಡಿದಿದ್ದಾರೆ.

ಸ್ಪ್ಯಾನರ್ (ಕುಮಟಾ) · ಆಗಸ್ಟ್ 4

ಅಕ್ಕಾ, ಮಷಿನ್ ಹಿಂದುಗಡೆ ಸಾಗಾಟದ ಉದ್ದ ಬೋಲ್ಟುಗಳಿರುತ್ತವೆ, ಹಾಕಿಕೊಡುವಾಗ ತೆಗೆದರಾ? ತೆಗೆಯದೆ 1400ಕ್ಕೆ ತಿರುಗಿಸಿದರೆ ಮಷಿನ್ ಕೋಣೆಯೆಲ್ಲ ನಡೆದಾಡುತ್ತದೆ.

ಕಾಳಿದಂಡೆ (ಕಾರವಾರ) · ಆಗಸ್ಟ್ 4

ತೆಗೆದಿದ್ದಾರೆ ಅಣ್ಣ, ನಾಲ್ಕು. ಮಗ ಅದರಲ್ಲಿ ಆಡ್ತಾ ಇದ್ದಾನೆ.

ಸ್ಪ್ಯಾನರ್ (ಕುಮಟಾ) · ಆಗಸ್ಟ್ 4

ಕಸಿದು ಎತ್ತಿಡಿ. ಮನೆ ಬದಲಿಸಿದರೆ ಬೇಕಾಗುತ್ತದೆ.